ಮಕ್ಕಳಿಲ್ಲದ ಶಾಲೆಯೋ, ಶಾಲೆಯಿಲ್ಲದ ಮಕ್ಕಳೋ?

ಹಳೆಯ ಸರ್ಕಾರಿ ಪ್ರಾಥಮಿಕ ಶಾಲೆಯ ಜಗಲಿ ಹತ್ತಿದರೆ ಗೋಡೆಯಲ್ಲಿ ಕೂರಿಸಿದ ಕಲ್ಲೊಂದು ಕಣ್ಣಿಗೆ ಬೀಳುವುದು ಸಾಮಾನ್ಯ. ಜಾಗ ಕೊಟ್ಟವರು ಇಂಥವರು, ಕೊಠಡಿ ಕಟ್ಟಿಸಿದವರು ಇಂಥವರು, ಗಡಿಯಾರ ಕೊಟ್ಟವರು ಇಂಥವರು ಎಂದು ಅದರಲ್ಲಿ ಕೆತ್ತಿರುತ್ತದೆ. ಒಳಗೆ ಕರಿಹಲಗೆಯ ಮೂಲೆಯಲ್ಲಿ ಇನ್ನೊಂದು ಬರಹ ಇರುತ್ತದೆ: ಒಟ್ಟು ಮಕ್ಕಳು ಇಷ್ಟು, ಹಾಜರು ಇಷ್ಟು, ಗೈರು ಇಷ್ಟು. ಶಾಲೆ ಹೇಗೆ ಹುಟ್ಟಿತು ಎಂಬುದು ಕಲ್ಲಿನ ಮೇಲಿದೆ. ಅದು ಉಳಿಯುತ್ತದೆಯೇ ಎಂಬುದನ್ನು ಈಗ ನಿರ್ಧರಿಸುತ್ತಿರುವುದು ಸೀಮೆಸುಣ್ಣದ ಅಂಕಿ.

ಸರ್ಕಾರಿ ಕಡತಗಳಲ್ಲಿ ‘ಶಾಲೆ ಮುಚ್ಚಲಾಗಿದೆ’ ಎಂಬ ಮಾತು ಅಪರೂಪ. ಅಲ್ಲಿರುವ ಪದ ‘ವಿಲೀನ’. ಒಂದು ಮಗುವೂ ಇಲ್ಲದಿದ್ದರೆ ‘ಶೂನ್ಯ ದಾಖಲಾತಿ’. 2011ರಲ್ಲಿ, ತೀರಾ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಸಮೀಪದ ಶಾಲೆಗಳೊಂದಿಗೆ ಸೇರಿಸಲು ರಾಜ್ಯ ಸರ್ಕಾರ ಹೊರಟಾಗ ಸಾಹಿತಿಗಳು, ಕನ್ನಡ ಸಂಘಟನೆಗಳು ಬೀದಿಗಿಳಿದದ್ದು ಅನೇಕರ ನೆನಪಿನಲ್ಲಿರಬಹುದು. ಅಂದಿನಿಂದ ಪಕ್ಷ ಯಾವುದೇ ಅಧಿಕಾರದಲ್ಲಿರಲಿ, ಈ ಚರ್ಚೆ ನಿಂತಿಲ್ಲ. ‘ಮಕ್ಕಳೇ ಬರದಿದ್ದರೆ ಶಾಲೆ ಯಾಕೆ?’ ಎಂಬುದು ಒಂದು ಕಡೆಯ ಪ್ರಶ್ನೆ. ಮಕ್ಕಳು ಬರದಂತಾದದ್ದು ಹೇಗೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಐಗಳ ಮಠದಿಂದ ಊರ ಶಾಲೆಗೆ

ನಮ್ಮ ಹಳ್ಳಿಗಳಿಗೆ ಅಕ್ಷರ ಸರ್ಕಾರದಿಂದಲೇ ಮೊದಲು ಬಂದದ್ದಲ್ಲ. ಐಗಳ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದುವ ಪದ್ಧತಿ ಇತ್ತು. ಅದು ಎಲ್ಲ ಜಾತಿಯ ಮಕ್ಕಳಿಗೂ ತೆರೆದ ಬಾಗಿಲಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಮೈಸೂರು ಸೀಮೆಯಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಶಾಸನಗಳ ಸಂಗ್ರಹದಿಂದ ಹೆಸರಾದ ಬಿ.ಎಲ್. ರೈಸ್ ಅದರ ಹಿಂದಿದ್ದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣವನ್ನು ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಮಾಡುವ ಕಾನೂನು ಜಾರಿಗೆ ಬಂತು. ಅತ್ತ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಭಾಗದಲ್ಲಿ ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳಿಗಾಗಿ ದುಡಿದವರು ಡೆಪ್ಯುಟಿ ಚನ್ನಬಸಪ್ಪ. ‘ಕನ್ನಡ ಸಾಲಿ’ ಎಂದು ಇಂದಿಗೂ ಆ ಭಾಗದಲ್ಲಿ ಹೇಳುವಾಗ ಆ ಹೋರಾಟದ ನೆನಪು ಸಣ್ಣಗೆ ಬೆರೆತಿರುತ್ತದೆ.

ಸ್ವಾತಂತ್ರ್ಯದ ನಂತರ ಊರಿಗೊಂದು ಶಾಲೆ ಎಂಬುದು ಗುರಿಯಾಯಿತು. ಎಷ್ಟೋ ಕಡೆ ದೇವಸ್ಥಾನದ ಪೌಳಿಯಲ್ಲಿ, ಯಾರದೋ ಮನೆಯ ಪಡಸಾಲೆಯಲ್ಲಿ ಪಾಠ ಆರಂಭವಾಗಿ, ಆಮೇಲೆ ಕಟ್ಟಡ ಎದ್ದಿತು. ಸರ್ಕಾರ ಮೇಷ್ಟರ ಸಂಬಳ ಕೊಟ್ಟಿತು. ಊರು ಜಾಗ, ಮರ, ಕಲ್ಲು, ಆಳು ಕೊಟ್ಟಿತು. ಸರ್ಕಾರಿ ಎಂಬ ಹೆಸರಿದ್ದರೂ ಅದು ಊರವರದೇ ಆಗಿದ್ದುದು ಹೀಗೆ.

ಲೆಕ್ಕದ ಸುಳಿ

ಹಾಗಾದರೆ ಮಕ್ಕಳು ಎಲ್ಲಿ ಹೋದರು? ಮೊದಲ ಉತ್ತರ ಸರಳ: ಹುಟ್ಟುವ ಮಕ್ಕಳೇ ಕಡಿಮೆಯಾಗಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ ಮೂರರ ಆಸುಪಾಸಿನಲ್ಲಿತ್ತು. 2019-21ರ ಹೊತ್ತಿಗೆ ಅದು 1.7ಕ್ಕೆ ಇಳಿಯಿತು. ಇದರ ಜೊತೆಗೆ ಗುಳೆ. ದುಡಿಮೆ ಹುಡುಕಿ ಅಪ್ಪ ಅಮ್ಮ ಬೆಂಗಳೂರಿಗೆ ಹೊರಟರೆ ಹಾಜರಿ ಪುಸ್ತಕದಿಂದ ಎರಡು ಹೆಸರು ಕಡಿಮೆಯಾಗುತ್ತವೆ.

ಎರಡನೆಯದು ಇಂಗ್ಲಿಷಿನ ಸೆಳೆತ. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದು ರಾಜ್ಯ ಸರ್ಕಾರ 1994ರಲ್ಲಿ ಆದೇಶಿಸಿತ್ತು. ಖಾಸಗಿ ಶಾಲೆಗಳಿಗೆ ಇದನ್ನು ಹೇರುವಂತಿಲ್ಲ ಎಂದು 2008ರಲ್ಲಿ ಹೈಕೋರ್ಟ್ ಹೇಳಿತು; 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಹಳ್ಳಿಯ ಬಾಗಿಲಿಗೇ ಶಾಲಾ ವ್ಯಾನು ಬರತೊಡಗಿತ್ತು. ಸರ್ಕಾರ 2007-08ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಆರಂಭಿಸಿತು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಮುಂದಾದಾಗ, ಇದು ಕನ್ನಡಕ್ಕೆ ಕುತ್ತು ಎಂದು ಸಾಹಿತಿಗಳು ಆಕ್ಷೇಪಿಸಿದರು.

ಮೂರನೆಯ ಕಾರಣ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಂತೆ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು; 60 ದಾಟಿದರೆ ಮೂವರು. ಅಂದರೆ ಮಕ್ಕಳು 60ಕ್ಕೆ ಇಳಿದರೆ ಮೂರನೆಯವರು ‘ಹೆಚ್ಚುವರಿ ಶಿಕ್ಷಕ’ ಎನಿಸಿಕೊಂಡು ಬೇರೆ ಊರಿಗೆ ಹೋಗುತ್ತಾರೆ. ಉಳಿದ ಇಬ್ಬರಿಗೆ ಐದು ತರಗತಿ. ಒಬ್ಬರು ತರಬೇತಿಗೋ ಮತದಾರರ ಪಟ್ಟಿಯ ಕೆಲಸಕ್ಕೋ ಹೋದರೆ ಇನ್ನೊಬ್ಬರು ಪಾಠ ಮಾಡಬೇಕು, ಬಿಸಿಯೂಟ ನೋಡಬೇಕು, ಹಾಲು ಮೊಟ್ಟೆಗಳ ಲೆಕ್ಕ ಬರೆಯಬೇಕು. ಇದನ್ನು ಕಂಡ ತಂದೆತಾಯಿ ‘ಇಲ್ಲಿ ಪಾಠವೇ ಆಗುವುದಿಲ್ಲ’ ಎಂದು ಸಾಲ ಮಾಡಿಯಾದರೂ ಮಗುವನ್ನು ವ್ಯಾನು ಹತ್ತಿಸುತ್ತಾರೆ. ಮಕ್ಕಳು ಮತ್ತೂ ಕಡಿಮೆಯಾಗುತ್ತಾರೆ. ದಾಖಲಾತಿ ಕುಸಿತ ಶಾಲೆ ಮುಚ್ಚಲು ಕಾರಣ ಎನ್ನುತ್ತೇವೆ. ಆದರೆ ಅದು ಕಾರಣ ಮಾತ್ರವಲ್ಲ, ಪರಿಣಾಮವೂ ಹೌದು.

ಸಣ್ಣ ಶಾಲೆಯಲ್ಲಿ ಪಾಠವೇ ಸಾಧ್ಯವಿಲ್ಲ ಎಂದೇನಿಲ್ಲ. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಅವರವರ ವೇಗಕ್ಕೆ ತಕ್ಕಂತೆ ಕಲಿಸುವ ‘ನಲಿ-ಕಲಿ’ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲೇ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ಆದರೆ ಅದಕ್ಕೂ ಕೋಣೆಯಲ್ಲಿ ದಿನವಿಡೀ ಇರುವ ಮೇಷ್ಟರು ಬೇಕು.

ಯಾರ ಹಣ, ಯಾರ ಶಾಲೆ?

ಇಲ್ಲಿಂದ ಮುಂದೆ ಬರುವುದು ದುಡ್ಡಿನ ಜಗಳ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಯಾಯಿತು. ಖಾಸಗಿ ಶಾಲೆಗಳು ಶೇ 25ರಷ್ಟು ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕು, ಅದರ ವೆಚ್ಚವನ್ನು ಸರ್ಕಾರ ಭರಿಸಬೇಕು ಎಂದು ಅದು ಹೇಳಿತು. ಬಡವರ ಮಗು ಉಳ್ಳವರ ಮಗುವಿನ ಪಕ್ಕ ಕೂರಬೇಕೆಂಬ ಆಶಯ ದೊಡ್ಡದೇ. ಆದರೆ ನಡೆದದ್ದೇನು? ಸರ್ಕಾರ ತನ್ನ ಶಾಲೆಯ ಪಕ್ಕದ ಖಾಸಗಿ ಶಾಲೆಗೆ ಶುಲ್ಕ ಕಟ್ಟಿ ತನ್ನ ಮಕ್ಕಳನ್ನೇ ಕಳಿಸಿಕೊಟ್ಟಂತಾಯಿತು. ಖಾಸಗಿ ಆಡಳಿತ ಮಂಡಳಿಗಳು ಹಣ ಸಾಲದು, ಸಕಾಲಕ್ಕೆ ಬರುವುದಿಲ್ಲ ಎಂದು ದೂರಿದರೆ, ಆ ಹಣದಲ್ಲಿ ನಮ್ಮ ಶಾಲೆಯನ್ನೇ ಉದ್ಧಾರ ಮಾಡಬಹುದಿತ್ತಲ್ಲ ಎಂದು ಸರ್ಕಾರಿ ಶಾಲೆಗಳ ಪರ ಇರುವವರು ಕೇಳಿದರು. ಕೊನೆಗೆ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ ಎಂದು 2019-20ರಿಂದ ನಿಯಮ ಬದಲಾಯಿತು. ಅಷ್ಟರಲ್ಲಿ ಹಲವು ವರ್ಷಗಳ ಮಕ್ಕಳು ದಾಟಿ ಹೋಗಿದ್ದರು.

ಅನುದಾನದ ಕಥೆಯೂ ಇಂಥದ್ದೇ. 1995ರ ನಂತರ ಆರಂಭವಾದ ಖಾಸಗಿ ಕನ್ನಡ ಮಾಧ್ಯಮ ಶಾಲೆಗಳು ಅನುದಾನಕ್ಕಾಗಿ ವರ್ಷಗಳಿಂದ ಬೇಡುತ್ತಲೇ ಇವೆ. ಕನ್ನಡ ಉಳಿಸಿ ಎಂದು ವೇದಿಕೆಯಲ್ಲಿ ಹೇಳುವ ಸರ್ಕಾರಕ್ಕೆ ಕನ್ನಡದಲ್ಲಿ ಕಲಿಸುವವರ ಸಂಬಳದ ಮಾತು ಬಂದಾಗ ಬೊಕ್ಕಸ ನೆನಪಾಗುತ್ತದೆ.

ಉಳಿಸಿದವರು, ಉಳಿಯದವರು

ಗಡಿಯಾಚೆಯ ಕಾಸರಗೋಡಿನ ಕನ್ನಡ ಶಾಲೆಗಳದು ಇನ್ನೂ ಇಕ್ಕಟ್ಟಿನ ಸ್ಥಿತಿ. 1956ರಲ್ಲಿ ಕೇರಳಕ್ಕೆ ಸೇರಿದ ಆ ನೆಲದ ಶಾಲೆಯೊಂದನ್ನು ಮುಚ್ಚುವ ಹುನ್ನಾರದ ಸುತ್ತ ರಿಷಬ್ ಶೆಟ್ಟಿ 2018ರಲ್ಲಿ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಎಂಬ ಚಿತ್ರ ಮಾಡಿದರು. ಚಿತ್ರದ ಹೆಸರಿನಲ್ಲೇ ದಾನಿಯ ಹೆಸರಿರುವುದು ಅರ್ಥಪೂರ್ಣ. ಅದರ ಚಿತ್ರೀಕರಣ ನಡೆದ ದಕ್ಷಿಣ ಕನ್ನಡದ ಕೈರಂಗಳದ ಶಾಲೆಯೇ ಮಕ್ಕಳ ಕೊರತೆಯಿಂದ ಸೊರಗಿತ್ತು. ಅದೇ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡಿನಲ್ಲಿ ಊರಿನ ಯುವಕರ ಸಂಘವೇ ಮುಂದೆ ನಿಂತು, ಮುಚ್ಚುವ ಹಂತಕ್ಕೆ ಬಂದಿದ್ದ ಸರ್ಕಾರಿ ಶಾಲೆಗೆ ಮತ್ತೆ ಮಕ್ಕಳನ್ನು ತಂದಿತು.

ಎಲ್ಲ ಊರಿಗೂ ಇಂಥ ಯುವಕರು, ಇಂಥ ಸಿನಿಮಾದವರು ಸಿಗುವುದಿಲ್ಲ. ನಾಲ್ಕೇ ಮಕ್ಕಳಿರುವ ಶಾಲೆಯನ್ನು ಹಾಗೇ ಇಟ್ಟುಕೊಳ್ಳುವುದು ಮಕ್ಕಳಿಗೆ ಮಾಡುವ ಉಪಕಾರವೂ ಅಲ್ಲ. ಕಬಡ್ಡಿ ಆಡಲು ಜೊತೆಯಿಲ್ಲದ ಬಾಲ್ಯ ಬಡವಾದ ಬಾಲ್ಯ. ಒಂದೇ ಆವರಣದಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳ ಹಿಂದೆ ಈ ಯೋಚನೆಯೂ ಇದೆ. ಆದರೆ ದೊಡ್ಡ ಶಾಲೆ ಬೆಳೆದಂತೆ ಸುತ್ತಲಿನ ಸಣ್ಣ ಶಾಲೆಗಳ ಗತಿ ಏನು ಎಂಬ ಆತಂಕಕ್ಕೆ ಉತ್ತರ ಬೇಕು.

ಉತ್ತರ ಹುಡುಕುವಾಗ ನೋಡಬೇಕಾದದ್ದು ಕೊನೆಗೆ ಉಳಿದ ನಾಲ್ಕು ಮಕ್ಕಳನ್ನು. ವ್ಯಾನಿಗೆ ದುಡ್ಡಿದ್ದವರು ಯಾವಾಗಲೋ ಹೋಗಿದ್ದಾರೆ. ಉಳಿದವರು ಕೂಲಿಕಾರರ, ಹಾಡಿಯವರ, ಒಂಟಿ ತಾಯಂದಿರ ಮಕ್ಕಳು. ಅವರಲ್ಲಿ ಹೆಣ್ಣುಮಕ್ಕಳು ಹೆಚ್ಚು ಇದ್ದರೆ ಆಶ್ಚರ್ಯವಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಹಳ್ಳ ದಾಟಿ ಮೂರು ಕಿಲೋಮೀಟರು ನಡೆಯಬೇಕೆಂದರೆ ಶಾಲೆ ‘ವಿಲೀನ’ವಾಗುತ್ತದೆ, ಮಗು ಮಾತ್ರ ಮನೆಯಲ್ಲೇ ಉಳಿಯುತ್ತದೆ. ಆದ್ದರಿಂದ ವಿಲೀನದ ಆದೇಶಕ್ಕೆ ಮೊದಲು ವಾಹನ, ಮೇಷ್ಟರು, ದಾರಿ ಇವುಗಳ ಲೆಕ್ಕ ಆಗಬೇಕು. ಎಲ್ಲಕ್ಕಿಂತ ಮೊದಲು, ಹತ್ತು ವರ್ಷ ಆ ಶಾಲೆಗೆ ನಾವು ಏನು ಕೊಟ್ಟೆವು ಎಂಬ ಲೆಕ್ಕ ಆಗಬೇಕು.

ಬೀಗ ಬಿದ್ದ ಶಾಲೆಯ ಗೋಡೆಯಲ್ಲೂ ಆ ಕಲ್ಲು ಇದ್ದೇ ಇರುತ್ತದೆ. ಜಾಗ ಕೊಟ್ಟವರು ಊರಿನ ಮಕ್ಕಳಿಗೆಂದು ಕೊಟ್ಟಿದ್ದರು. ಎಷ್ಟು ಮಕ್ಕಳಿದ್ದರೆ ಮಾತ್ರ ಎಂದು ಅವರು ಕೆತ್ತಿಸಿರಲಿಲ್ಲ.