ಚಿನಕುರಳಿಯ ದಾರಿಯಿಂದ ಶ್ರೀರಂಗಪಟ್ಟಣ

ಚಿನಕುರಳಿ ಎಂದೊಡನೆ ಪತ್ರಿಕೆ ಓದುವವರಿಗೆ ನೆನಪಾಗುವುದು ಪುಟದ ಮೂಲೆಯ ಪುಟ್ಟ ವ್ಯಂಗ್ಯಚಿತ್ರ; ಮಕ್ಕಳಿಗಾದರೆ ದೀಪಾವಳಿಯ ಪಟಾಕಿ. ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿ ಇದೇ ಹೆಸರಿನ ಊರೊಂದುಂಟು. ಪ್ರವಾಸಿಗಳು ಇಲ್ಲಿ ಇಳಿಯುವುದಿಲ್ಲ. ಇಳಿದು ನೋಡಲು ಹೆಸರಾಂತ ಕೋಟೆ, ಅರಮನೆಗಳು ಇಲ್ಲಿಲ್ಲ. ಆದರೆ 1771ರ ಮಾರ್ಚ್ ತಿಂಗಳಲ್ಲಿ ಈ ಊರಿನ ಬಯಲಿನಲ್ಲಿ ಮೈಸೂರು ರಾಜ್ಯದ ಹಣೆಬರಹವೇ ಬದಲಾಗುವುದರಲ್ಲಿತ್ತು. ಶ್ರೀರಂಗಪಟ್ಟಣವನ್ನು ತಿಳಿಯಬೇಕಾದವರು ಚಿನಕುರಳಿಯಂಥ ಊರುಗಳ ಕಡೆಯಿಂದಲೂ ಒಮ್ಮೆ ಅದರತ್ತ ಬರಬೇಕು.

ಸಾಮಾನ್ಯ ಪ್ರವಾಸದ ಕ್ರಮ ಎಲ್ಲರಿಗೂ ಗೊತ್ತು. ರಂಗನಾಥಸ್ವಾಮಿ ದೇವಾಲಯ, ಜಾಮಿಯಾ ಮಸೀದಿ, ನೆಲಮಾಳಿಗೆಯ ಸೆರೆಮನೆ, ಟಿಪ್ಪು ಸುಲ್ತಾನನ ದೇಹ ದೊರೆತ ಸ್ಥಳ, ದರಿಯಾ ದೌಲತ್, ಗುಂಬಜ್. ಎರಡು ಮೂರು ಗಂಟೆಗಳಲ್ಲಿ ಎಲ್ಲವೂ ಮುಗಿದು ಬಸ್ಸು ಮೈಸೂರಿನ ದಾರಿ ಹಿಡಿಯುತ್ತದೆ. ಹೀಗೆ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಒಂದೇ ದಿನ: ಕೋಟೆ ಬಿದ್ದ 1799ರ ಮೇ 4. ಆ ದಿನ ದೊಡ್ಡದು ನಿಜ. ಆದರೆ ಇಲ್ಲಿನ ದೇವಾಲಯದ ಮೂಲ ಗಂಗರ ಕಾಲದ್ದು. ವಿಜಯನಗರದ ಪ್ರತಿನಿಧಿಯಿಂದ ರಾಜ ಒಡೆಯರು ಈ ಊರನ್ನು ವಶಪಡಿಸಿಕೊಂಡದ್ದು 1610ರಲ್ಲಿ. ಅಲ್ಲಿಂದ 189 ವರ್ಷ ಇದು ಮೈಸೂರು ರಾಜ್ಯದ ರಾಜಧಾನಿ. ಅಷ್ಟು ವರ್ಷಗಳ ಬಾಳನ್ನು ಒಂದು ದಿನದ ಸಾವಿನಿಂದ ಅಳೆಯಲಾಗದು.

ರಾಜಧಾನಿಗೆ ಈ ಸ್ಥಳವೇ ಏಕೆ? ಉತ್ತರ ಕಾವೇರಿಯಲ್ಲಿದೆ. ನದಿ ಇಲ್ಲಿ ಎರಡು ಕವಲಾಗಿ ಹರಿದು ಮತ್ತೆ ಕೂಡುತ್ತದೆ. ನಡುವಿನ ದ್ವೀಪವೇ ಊರು. ಬೇಸಗೆಯಲ್ಲಿ ಬಂಡೆಗಳ ನಡುವೆ ದಾಟಬಹುದಾದ ಹೊಳೆ, ಕೊಡಗಿನಲ್ಲಿ ಮುಂಗಾರು ಹಿಡಿದರೆ ಯಾವ ಸೈನ್ಯವನ್ನೂ ತಡೆಯುವ ಕಂದಕವಾಗುತ್ತಿತ್ತು. ಮುತ್ತಿಗೆ ಹಾಕಿದವರು ಮಳೆಗಾಲಕ್ಕೆ ಮೊದಲೇ ಗೆಲ್ಲಬೇಕು, ಇಲ್ಲವೇ ಹಿಂದಿರುಗಬೇಕು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಕೋಟೆಯ ಹತ್ತಿರದವರೆಗೆ ಬಂದಿದ್ದ. ದವಸ ಮುಗಿದಿತ್ತು, ಬಂಡಿ ಎಳೆಯುವ ಎತ್ತುಗಳು ಸತ್ತಿದ್ದವು, ಮಳೆ ಮೊದಲಾಗಿತ್ತು. ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಅವನು ಹಿಮ್ಮೆಟ್ಟಿದ. 1799ರಲ್ಲಿ ಆಂಗ್ಲ ಸೈನ್ಯ ಮೇ ಮೊದಲ ವಾರದಲ್ಲೇ ಕೋಟೆಗೆ ನುಗ್ಗಿದ್ದರ ಹಿಂದೆಯೂ ಇದೇ ಲೆಕ್ಕವಿತ್ತು. ದವಸ ತೀರುತ್ತಿತ್ತು, ಹೊಳೆ ತುಂಬುವ ಕಾಲ ಹತ್ತಿರವಾಗಿತ್ತು.

ಆದ್ದರಿಂದ ಕೋಟೆಯ ಅಳಿವು ಉಳಿವು ಗೋಡೆಯ ದಪ್ಪವನ್ನಷ್ಟೇ ಅವಲಂಬಿಸಿರಲಿಲ್ಲ. ಸುತ್ತಲಿನ ಹಳ್ಳಿಗಳ ಧಾನ್ಯ, ಮೇವು, ಕೆರೆಯ ನೀರು ಯಾರ ಕೈಯಲ್ಲಿವೆ ಎಂಬುದೂ ಅದನ್ನು ತೀರ್ಮಾನಿಸುತ್ತಿತ್ತು. ಚಿನಕುರಳಿಯ ಕಾಳಗ ಅರ್ಥವಾಗುವುದು ಈ ಹಿನ್ನೆಲೆಯಲ್ಲಿ.

ಪೇಶ್ವೆ ಮಾಧವರಾಯನ ಸೈನ್ಯ ಆಗ ಮೈಸೂರು ಸೀಮೆಯೊಳಗಿತ್ತು. ಪೇಶ್ವೆ ಅನಾರೋಗ್ಯದಿಂದ ಹಿಂದಿರುಗಿದ ಮೇಲೆ ದಂಡಿನ ಹೊಣೆ ತ್ರ್ಯಂಬಕರಾಯನದು. ಹೈದರಾಲಿ ಮೇಲುಕೋಟೆಯ ಬೆಟ್ಟಗಳ ಆಶ್ರಯದಲ್ಲಿ ಬೀಡುಬಿಟ್ಟಿದ್ದ. ಅಲ್ಲಿ ನಿಲ್ಲುವುದು ಕಷ್ಟವಾದಾಗ ರಾತ್ರಿಯೇ ಶ್ರೀರಂಗಪಟ್ಟಣಕ್ಕೆ ಸರಿದುಬಿಡಲು ನಿರ್ಧರಿಸಿದ. ಸುದ್ದಿ ತಿಳಿದ ಮರಾಠಾ ಕುದುರೆ ದಂಡು ಬೆನ್ನಟ್ಟಿತು. ತೊಣ್ಣೂರು ಕೆರೆ ಮತ್ತು ಚಿನಕುರಳಿಯ ಆಸುಪಾಸಿನಲ್ಲಿ ಮೈಸೂರು ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಹೈದರ್ ಕೆಲವರೊಡನೆ ತಪ್ಪಿಸಿಕೊಂಡು ರಾಜಧಾನಿ ಸೇರಿದ. ಮೇಲುಕೋಟೆ ಕೊಳ್ಳೆಹೋಯಿತು. ಇಷ್ಟು ದೊಡ್ಡ ಸೋಲಿನ ನಂತರವೂ ಮರಾಠರಿಗೆ ಶ್ರೀರಂಗಪಟ್ಟಣ ದಕ್ಕಲಿಲ್ಲ, ಮುತ್ತಿಗೆ ಫಲಿಸಲಿಲ್ಲ. 1772ರಲ್ಲಿ ಹಣವನ್ನೂ ಸೀಮೆಯನ್ನೂ ಕೊಟ್ಟು ಹೈದರ್ ಶಾಂತಿಯನ್ನು ಕೊಂಡುಕೊಂಡ. ಬಯಲಿನಲ್ಲಿ ಸೋತದ್ದನ್ನು ದ್ವೀಪ ಉಳಿಸಿಕೊಟ್ಟಿತ್ತು.

ಇಂದು ಮೇಲುಕೋಟೆಯಿಂದ ತೊಣ್ಣೂರು, ಪಾಂಡವಪುರಗಳ ಮೂಲಕ ಶ್ರೀರಂಗಪಟ್ಟಣಕ್ಕೆ ಬರುವವರು ಹೆಚ್ಚುಕಡಿಮೆ ಆ ರಾತ್ರಿಯ ದಿಕ್ಕಿನಲ್ಲೇ ಬರುತ್ತಾರೆ. ದಾರಿಯಲ್ಲಿನ ಒಂದೊಂದು ನಿಲ್ದಾಣವೂ ರಾಜಧಾನಿಯ ಕಥೆಗೆ ಒಂದೊಂದು ಪುಟ. ಬೆಟ್ಟಗಳ ನಡುವೆ ಕಟ್ಟಿದ ತೊಣ್ಣೂರು ಕೆರೆಗೆ ರಾಮಾನುಜಾಚಾರ್ಯರ ನೆನಪಿನ ತಿರುಮಲಸಾಗರ ಎಂಬ ಹೆಸರಿದೆ. ತಿಳಿನೀರು ಕಂಡು ಮುಸಲ್ಮಾನ ದೊರೆಗಳ ಕಾಲದಲ್ಲಿ ಇದಕ್ಕೆ ಮೋತಿ ತಲಾಬ್ ಎಂಬ ಹೆಸರೂ ಬಂತು. ಶತ್ರುಗಳಿಗೆ ನೀರು ಸಿಗಬಾರದೆಂದು ಟಿಪ್ಪು ಇದರ ಏರಿಯನ್ನು ಒಡೆಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಮುಂದೆ ಬಂದರೆ ಪಾಂಡವಪುರ. ಹಿಂದೆ ಇದು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೂ ಇತ್ತು. ಪಕ್ಕದ ಕುಂತಿಬೆಟ್ಟಕ್ಕೆ ಜನ ಪಾಂಡವರ ವನವಾಸದ ಕಥೆ ಹೇಳುತ್ತಾರೆ. ಒಂದೇ ಬಂಡೆಯ ಸಾಲಿಗೆ ಮಹಾಭಾರತವೂ ಉಂಟು, ಫ್ರಾನ್ಸೂ ಉಂಟು.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಕೆ.ಆರ್. ಪೇಟೆ, ನಾಗಮಂಗಲಗಳ ಕಡೆ ತಿರುಗಬೇಕು. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ ಹದಿಮೂರನೆಯ ಶತಮಾನದ ಹೊಯ್ಸಳ ತ್ರಿಕೂಟ. ಗೋವಿಂದನಹಳ್ಳಿಯಲ್ಲಿ ಒಂದೇ ಸಾಲಿನಲ್ಲಿ ಐದು ಗುಡಿಗಳಿವೆ. ಅಗ್ರಹಾರ ಬಾಚಹಳ್ಳಿಯ ಕಂಬಗಳ ಮೇಲೆ ಆನೆಗಳ ಶಿಲ್ಪಗಳಿವೆ. ಒಡೆಯ ತೀರಿದಾಗ ತಾವೂ ಪ್ರಾಣ ಬಿಡುವ ವ್ರತ ತೊಟ್ಟ ಗರುಡರ ನೆನಪಿನ ಕಂಬಗಳಿವು. ನಾಗಮಂಗಲದ ಸೌಮ್ಯಕೇಶವ, ಕಂಬದಹಳ್ಳಿಯ ಬಸದಿಗಳು ಇದೇ ಸುತ್ತಿನಲ್ಲಿ ಸಿಗುತ್ತವೆ. ಒಡೆಯರು ಬರುವುದಕ್ಕೆ ಎಷ್ಟೋ ಮೊದಲೇ ಈ ನೆಲದಲ್ಲಿ ಕೆರೆ, ಅಗ್ರಹಾರ, ದೇವಾಲಯಗಳ ಬಾಳು ಹಬ್ಬಿತ್ತು ಎಂಬುದಕ್ಕೆ ಇವು ಸಾಕ್ಷಿ. ರಾಜಧಾನಿಗೆ ಅನ್ನ ಕೊಟ್ಟದ್ದು ಈ ನೆಲವೇ.

ಈ ಸುತ್ತು ಮುಗಿಸಿ ಕೋಟೆಯೊಳಗೆ ಕಾಲಿಟ್ಟರೆ ಅಲ್ಲಿ ಇಲ್ಲದಿರುವುದೂ ಕಣ್ಣಿಗೆ ಬೀಳುತ್ತದೆ. ಟಿಪ್ಪುವಿನ ಅರಮನೆಯಲ್ಲಿ ಉಳಿದಿರುವುದು ತಳಪಾಯ. ಲಾಲ್‌ಬಾಗ್ ಅರಮನೆಯ ತೊಲೆಗಳು ನೀಲಗಿರಿ ಹತ್ತಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡನ್ನು ಹೊತ್ತಿವೆ. ಹುಲಿಯ ಗೊಂಬೆ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಚಳಿಜ್ವರದ ಕಾಟ ತಾಳಲಾರದೆ ಆಂಗ್ಲರು 1809ರಲ್ಲಿ ಇಲ್ಲಿನ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರಿನ ದಂಡುಪ್ರದೇಶ ಬೆಳೆದದ್ದು ಹಾಗೆ. ಉಳಿದವನ್ನು ಉಳಿಸಿಕೊಳ್ಳಲು ಶ್ರಮ ಬೇಕು. ಜೋಡಿ ರೈಲು ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ್ದು ಅಂಥ ಶ್ರಮಕ್ಕೆ ಒಳ್ಳೆಯ ಉದಾಹರಣೆ.

ಹಾಳಾದ ಅರಮನೆಯನ್ನು ಮತ್ತೆ ಕಟ್ಟಿದರೆ ಹೇಗೆ ಎಂದು ಕೇಳುವವರುಂಟು. ಜರ್ಮನಿಯ ಹೈಡೆಲ್‌ಬರ್ಗ್ ಈ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ಎದುರಿಸಿತು. ನೆಕಾರ್ ನದಿಯ ಮೇಲಿನ ಅಲ್ಲಿನ ಅರಮನೆಯನ್ನು ಫ್ರೆಂಚ್ ಸೈನ್ಯ 1689 ಮತ್ತು 1693ರಲ್ಲಿ ಹಾಳುಗೆಡವಿತ್ತು. 1900ರ ಸುಮಾರಿನಲ್ಲಿ ಪೂರ್ತಿ ಕಟ್ಟಬೇಕೆಂಬ ಮಾತು ಬಂದಾಗ ವಿದ್ವಾಂಸರು ವಿರೋಧಿಸಿದರು: ಇರುವುದನ್ನು ಕಾಯಿರಿ, ಇಲ್ಲದ್ದನ್ನು ಕಲ್ಪಿಸಬೇಡಿರಿ ಎಂಬುದು ಅವರ ವಾದ. ಬಹುಭಾಗ ಹಾಳುಗೋಡೆಯಾಗಿಯೇ ಉಳಿಯಿತು. ಇಂದು ಜನ ದೇಶದೇಶಗಳಿಂದ ಬಂದು ನೋಡುವುದು ಆ ಹಾಳುಗೋಡೆಗಳನ್ನೇ. ಬಂದವರು ನೆಕಾರ್ ಕಣಿವೆಯ ಸಣ್ಣ ಊರುಗಳಿಗೂ ದೋಣಿಯಲ್ಲಿ ಹೋಗಿಬರುತ್ತಾರೆ. ನಮ್ಮಲ್ಲಿ ಹಾಳುಗೋಡೆಗಳಿಗೆ ಕೊರತೆಯಿಲ್ಲ. ಅವನ್ನು ಸುತ್ತಲಿನ ಊರುಗಳೊಡನೆ ಸೇರಿಸಿ ನೋಡುವ ಅಭ್ಯಾಸಕ್ಕೆ ಕೊರತೆ.

ಈ ಮಾತಿಗೆ ಈಗ ಹೊಸ ಅವಸರವೊಂದು ಬಂದಿದೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಶ್ರೀರಂಗಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ಹಿಂದೆ ಎಲ್ಲ ವಾಹನಗಳೂ ಊರನ್ನು ಹಾಯಲೇಬೇಕಾಗಿತ್ತು; ಕೋಟೆಯ ಗೋಡೆ ಕಂಡವರು ‘ಬಂದದ್ದಾಯಿತು, ನೋಡಿಯೇ ಹೋಗೋಣ’ ಎಂದು ಇಳಿಯುತ್ತಿದ್ದರು. ಇನ್ನು ದಾರಿಯಲ್ಲಿ ಸಿಕ್ಕಿತೆಂದು ನೋಡುವ ಊರಾಗಿ ಶ್ರೀರಂಗಪಟ್ಟಣ ಬದುಕಲಾರದು. ಬೇಕೆಂದು ಬರುವವರ ಊರಾಗಬೇಕು. ಅದಕ್ಕೆ ಎರಡು ಗಂಟೆ ಸಾಲದು, ಎರಡು ದಿನ ಬೇಕು. ಮೊದಲ ದಿನ ಹೊಸಹೊಳಲು, ಮೇಲುಕೋಟೆ, ತೊಣ್ಣೂರು. ಮರುದಿನ ಚಿನಕುರಳಿಯ ಗದ್ದೆಗಳನ್ನು ನೋಡಿಕೊಂಡು, ಪಾಂಡವಪುರದ ಮೂಲಕ ದ್ವೀಪಕ್ಕೆ. ಹೊಳೆ ತುಂಬಿದ ಆಷಾಢ, ಶ್ರಾವಣಗಳಲ್ಲಿ ಬಂದರೆ ಇನ್ನೂ ಒಳ್ಳೆಯದು. ಮುತ್ತಿಗೆ ಹಾಕಿದ ಸೈನ್ಯಗಳು ಯಾವ ನೀರಿಗೆ ಹೆದರಿ ಹಿಂದಿರುಗಿದವು ಎಂಬುದನ್ನು ಆಗ ಯಾರೂ ವಿವರಿಸಬೇಕಾಗಿಲ್ಲ.