ಸ್ವಾಮಿಯ ಮಾವಿನಹಣ್ಣಿನ ಲೆಕ್ಕ

10 ಮಾವಿನಹಣ್ಣು ಮಾರಿ ರಾಮ 15 ಆಣೆ ಗಳಿಸಬೇಕಂತಾನ. ಕೃಷ್ಣಗ 4 ಹಣ್ಣು ಸಾಕು. ಅಂವಾ ಎಷ್ಟು ಕೊಡಬೇಕು?

ಅಪ್ಪ ಈ ಲೆಕ್ಕ ಕೊಟ್ರ ಸ್ವಾಮಿ ಚಿಂತಿನ ಬ್ಯಾರೆ: ಹಣ್ಣು ಮಾಗ್ಯಾವೋ, ಇನ್ನೂ ಕಾಯೋ? ಅದು ಗೊತ್ತಾಗದ ರೇಟ್ ಹೆಂಗ ಹೇಳೋದು! ಅಪ್ಪ ನಗು ತಡಕೊಂಡ ಕೂತ್ರು. ಕಡೀಕ ಉತ್ತರ ಬಂತು, ಜೋಡಿಗೆ ಅಳೂ ಬಂತು.

ಇದು ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯೊಳಗಿನ ಪ್ರಸಂಗ. ಸಾಲಿಗೆ ಹೊಸದಾಗಿ ಬಂದ ಪೊಲೀಸ್ ಸಾಹೇಬ್ರ ಮಗ ರಾಜಂ, ದಾಂಡಿಗ ಮಣಿ, ಇಬ್ರೂ ಹೊಳಿದಂಡಿಗೆ ಜಗಳಕ್ಕಂತ ಹೋಗಿ, ದೋಸ್ತರಾಗಿ ಬಿಸ್ಕೀಟ್ ತಿಂದು ಬರ್ತಾರ! ನನಗ ಕೇಳಿದ್ರ ರಾಜಂಗಿಂತ ಮಣೀನ ಭಾಳ ಚಲೋ. ರಾಜಂಗ ಸಿಟ್ಟು ಬಂದ್ರ ಇಳಿಯೋದ ಕಷ್ಟ.

ಈ ಪುಸ್ತಕ ಬರದವರಿಗೂ ತಾಳ್ಮಿ ಬೇಕಾಗಿತ್ತು. ಪ್ರಕಾಶಕರು ಒಬ್ಬರಾದ ಮ್ಯಾಲೊಬ್ರು ಬ್ಯಾಡಂದಾಗ, ಬೇಸತ್ತ ನಾರಾಯಣರು ಇಂಗ್ಲೆಂಡಿನ್ಯಾಗಿದ್ದ ಗೆಳೆಯಾಗ ಬರದ್ರು: ಈ ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ಹೊಳಿಗೆ ಒಗದಬಿಡು. ಗೆಳೆಯ ಒಗೀಲಿಲ್ಲ. ಲೇಖಕ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. 1935ರಾಗ ಲಂಡನ್ನಿನ್ಯಾಗ ಪುಸ್ತಕ ಬಂತು.

ಮುಂದ ಶಂಕರನಾಗ್ ಈ ಕತಿನೂ ಸೇರಿಸಿ ಆಗುಂಬೆಯೊಳಗ ‘ಮಾಲ್ಗುಡಿ ಡೇಸ್’ ಟಿವಿ ಧಾರಾವಾಹಿ ತಗದ್ರು. ಮಾಸ್ಟರ್ ಮಂಜುನಾಥ ಸ್ವಾಮಿ ಆದ, ಗಿರೀಶ ಕಾರ್ನಾಡರು ಅಪ್ಪ ಆದ್ರು.

ನೂಲ, ಗಡಹಿಂಗ್ಲಜ, ಇಚಲಕರಂಜಿ ಕಡೆಯ ಅಕ್ಕಾರ, ಅಣ್ಣಾರ, ನಿಮ್ಮ ಮಕ್ಕಳು ಮರಾಠಿ ಸಾಲಿಗೆ ಹೋಗ್ತಿರಬಹುದು. ರಾತ್ರಿ ಉಂಡ ಮ್ಯಾಲೆ ಈ ಪುಸ್ತಕದ ಒಂದೊಂದ ಅಧ್ಯಾಯದ ಕತಿ ಮನಿ ಕನ್ನಡದಾಗ ಹೇಳ್ರಿ. ನಡುವ ಅವರು ಅಡ್ಡಪ್ರಶ್ನೆ ಕೇಳಿದ್ರ ಸಿಟ್ಟಾಗಬ್ಯಾಡ್ರಿ.