ಮೊದಲು ಮಾರುವುದೋ, ಮೊದಲು ಕೊಳ್ಳುವುದೋ?

ಮನೆಯಲ್ಲಿ ಹಿರಿಯರು ರಾತ್ರಿ ಊಟದ ನಂತರ ಚರ್ಚಿಸುವ ಒಂದು ವಿಷಯವನ್ನು ನೀವು ಕೇಳಿರಬಹುದು. ಈಗಿರುವ ಮನೆ ಸಾಲದು. ಅಜ್ಜಿಗೆ ಮಹಡಿ ಹತ್ತಲಾಗುವುದಿಲ್ಲ, ಅಥವಾ ಅಪ್ಪನ ಕಚೇರಿ ಊರಿನ ಇನ್ನೊಂದು ತುದಿಗೆ ಹೋಗಿದೆ. ಇದನ್ನು ಮಾರಿ ಬೇರೊಂದನ್ನು ಕೊಳ್ಳಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅಲ್ಲಿಂದ ಮುಂದೆ ಮಾತು ಎರಡಾಗುತ್ತದೆ. "ಮೊದಲು ಒಂದು ಮನೆ ಗೊತ್ತುಮಾಡಿಕೊಳ್ಳೋಣ, ಸಾಮಾನು ಹೊತ್ತು ಬೀದಿಗೆ ಬೀಳುವುದು ಬೇಡ" ಎನ್ನುತ್ತಾರೆ ಅಮ್ಮ. "ಕೈಯಲ್ಲಿ ದುಡ್ಡಿಲ್ಲದೆ ಯಾರು ಮನೆ ಕೊಡುತ್ತಾರೆ?" ಎನ್ನುತ್ತಾರೆ ಅಪ್ಪ. ಇಬ್ಬರ ಮಾತೂ ಸರಿಯೇ. ಪರದೆಯ ಮೇಲಿನ ಅರ್ಧ ಗಂಟೆಯ ಮಾತುಕತೆಯಲ್ಲಿ ಇದರ ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸಲಾಗುವುದಿಲ್ಲ. ಇಲ್ಲಿ ಕಾಗದದ ಮೇಲೆ ಮಾಡಿ ನೋಡೋಣ.

ನಮ್ಮಲ್ಲಿ ಹೆಚ್ಚಿನ ಕುಟುಂಬಗಳ ಜೀವಮಾನದ ಉಳಿತಾಯವೆಲ್ಲ ಮನೆಯ ರೂಪದಲ್ಲೇ ಇರುತ್ತದೆ. ಹೊಸ ಮನೆಗೆ ಬೇಕಾದ ಹಣ ಹಳೆಯ ಮನೆಯ ಗೋಡೆಗಳೊಳಗೆ ಸಿಕ್ಕಿಕೊಂಡಿದೆ. ಆ ಗೋಡೆಗಳೊಳಗೆ ನೀವೂ ವಾಸವಾಗಿದ್ದೀರಿ. ತೊಡಕೆಲ್ಲ ಇಲ್ಲೇ ಇದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕೆ ಮಾತ್ರ. ಬೆಂಗಳೂರಿನಲ್ಲಿ ಈಗಿರುವ ಮನೆಯ ಬೆಲೆ 60 ಲಕ್ಷ, ಬೇಕಾದ ಮನೆಯ ಬೆಲೆ 80 ಲಕ್ಷ. ಕರ್ನಾಟಕದಲ್ಲಿ ಇಷ್ಟು ಬೆಲೆಯ ಮನೆಗೆ ಮುದ್ರಾಂಕ ಶುಲ್ಕ ನೂರಕ್ಕೆ 5. ಅದರ ಮೇಲಿನ ಸೆಸ್ಸು, ಸರ್ಚಾರ್ಜು, 2025ರ ಆಗಸ್ಟ್ ಕೊನೆಯಲ್ಲಿ ನೂರಕ್ಕೆ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲ ಸೇರಿದರೆ ಸುಮಾರು 6 ಲಕ್ಷ ರೂಪಾಯಿ. ಹಾಗಾಗಿ ನಿಜವಾಗಿ ಬೇಕಾದದ್ದು 86 ಲಕ್ಷ.

ಮೊದಲು ಕೊಳ್ಳುವ ದಾರಿಯನ್ನು ನೋಡಿ. ಬ್ಯಾಂಕು ಮನೆಯ ಬೆಲೆಯ ನೂರಕ್ಕೆ 80ರಷ್ಟು, ಅಂದರೆ 64 ಲಕ್ಷ ಕೊಡಬಹುದು. ನೋಂದಣಿಯ ಖರ್ಚಿಗೆ ಸಾಲವಿಲ್ಲ. ಉಳಿದ 22 ಲಕ್ಷ ಹಳೆಯ ಮನೆ ಮಾರುವ ಮೊದಲೇ ಕೈಯಲ್ಲಿರಬೇಕು. ನೂರಕ್ಕೆ 9ರ ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು 57 ಸಾವಿರ ದಾಟುತ್ತದೆ. ಮೊದಲ ಕಂತಿನಲ್ಲಿ 48 ಸಾವಿರ ಬರೀ ಬಡ್ಡಿ. ಹಳೆಯ ಮನೆ ಮಾರಲು ಆರು ತಿಂಗಳು ಹಿಡಿದರೆ ಬಡ್ಡಿಯೇ ಮೂರು ಲಕ್ಷದ ಹತ್ತಿರ ಬರುತ್ತದೆ. ಅಪ್ಪನ ಸಂಬಳಕ್ಕೆ ಬ್ಯಾಂಕು ಅಷ್ಟು ಸಾಲ ಕೊಡುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅನೇಕ ಮನೆಗಳಲ್ಲಿ ಚರ್ಚೆ ಆ ಪ್ರಶ್ನೆಯಲ್ಲೇ ಮುಗಿದುಹೋಗುತ್ತದೆ.

ಮೊದಲು ಮಾರಿದರೆ? ತಿಂಗಳಿಗೆ 25 ಸಾವಿರದ ಬಾಡಿಗೆ ಮನೆ, ಆರು ತಿಂಗಳಿಗೆ ಒಂದೂವರೆ ಲಕ್ಷ, ಎರಡು ಸಲ ಲಾರಿ ಬಾಡಿಗೆ. ಮಾಲೀಕರು ಕೇಳುವ ಮುಂಗಡ ದೊಡ್ಡದಾದರೂ ಅದು ಹಿಂದಿರುಗುವ ಹಣ. ಮಾರಿದ ಹಣಕ್ಕೆ ಬ್ಯಾಂಕಿನಲ್ಲಿ ಒಂದಿಷ್ಟು ಬಡ್ಡಿಯೂ ಬರುತ್ತದೆ. ಕಾಗದದ ಮೇಲೆ ಈ ದಾರಿಯೇ ಅಗ್ಗ. ಆದರೆ ಆ ಆರು ತಿಂಗಳಲ್ಲಿ ಮನೆಗಳ ಬೆಲೆ ನೂರಕ್ಕೆ 5 ಏರಿತೆನ್ನಿ, ನಿಮ್ಮ 80 ಲಕ್ಷದ ಮನೆ 84 ಲಕ್ಷವಾಯಿತು. ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು.

ಬಡ್ಡಿ, ಬಾಡಿಗೆಗಳನ್ನು ಪೆನ್ಸಿಲ್ ಹಿಡಿದು ಕೂಡಿಸಬಹುದು. ಅವಸರದ ಬೆಲೆಯನ್ನು ಹಾಗೆ ಕೂಡಿಸಲಾಗದು. ಕಂತು ಕಟ್ಟಲಾಗದೆ ಒದ್ದಾಡುತ್ತಿರುವವರು 60 ಲಕ್ಷದ ಮನೆಯನ್ನು 54ಕ್ಕೆ ಬಿಟ್ಟುಕೊಟ್ಟರೆ ಒಂದೇ ಮಾತಿನಲ್ಲಿ ಆರು ಲಕ್ಷ ಕಳೆಯಿತು. ಹಾಗೆಯೇ ಬಾಡಿಗೆ ಮನೆಯಲ್ಲಿ ಬೇಸತ್ತವರು ನೀರಿನ ಅನುಕೂಲವನ್ನೂ ಸರಿಯಾಗಿ ವಿಚಾರಿಸದೆ ಕಂಡ ಮನೆಗೆ ಕೈಹಾಕುತ್ತಾರೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ನಿಮ್ಮ ಕುಟುಂಬಕ್ಕೆ ಕಷ್ಟವಾಗುವುದು ಯಾವುದು, ಮಾರುವುದೋ ಹುಡುಕುವುದೋ? ಕಾಗದಪತ್ರಗಳು ಚೊಕ್ಕವಾಗಿದ್ದು, ಬಸ್ಸು, ಮೆಟ್ರೋ ಹತ್ತಿರವಿರುವ ಮನೆಗೆ ಗಿರಾಕಿ ಸಿಗುವುದು ಕಷ್ಟವಲ್ಲ. ಅದೇ ಬಡಾವಣೆಯಲ್ಲಿ, ಆಸ್ಪತ್ರೆಯ ಸಮೀಪ, ನೆಲಮಾಳಿಗೆಯಲ್ಲಲ್ಲದೆ ನೆಲದ ಮಟ್ಟದಲ್ಲೇ ಇರುವ ಮನೆ ಬೇಕೆಂದರೆ ಅದು ಅಪರೂಪ. ಮೊದಲು ಅದನ್ನು ಹಿಡಿಯಬೇಕು. ಖಾತೆಯ ತೊಡಕಿರುವ, ನಾಲ್ವರು ಅಣ್ಣತಮ್ಮಂದಿರ ಹೆಸರಿನಲ್ಲಿರುವ ಮನೆಯಾದರೆ ಮೊದಲು ಮಾರುವ ಕೆಲಸ ಆಗಲಿ. ದೊಡ್ಡ ಸಾಲ ಹೊರುವ ಶಕ್ತಿಯಿಲ್ಲದವರಿಗೂ ಅದೇ ಕ್ಷೇಮವೆಂದು ನನ್ನ ಅಭಿಪ್ರಾಯ.

ಇವೆರಡರ ನಡುವೆ ಒಂದು ದಾರಿಯಿದೆ, ಅದಕ್ಕೆ ಕಾನೂನಿನ ಒಂದು ಸೂಕ್ಷ್ಮ ತಿಳಿದಿರಬೇಕು. ಮನೆ ಒಂದೇ ದಿನದಲ್ಲಿ ಕೈಬದಲಾಗುವುದಿಲ್ಲ. ಮೊದಲು ಕ್ರಯದ ಕರಾರು, ಆಡುಮಾತಿನ 'ಅಗ್ರಿಮೆಂಟು'. ಆಮೇಲೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಬರೀ ಕರಾರಿನಿಂದ ಮನೆಯ ಒಡೆತನ ಬದಲಾಗದು. ಹಾಗೆಂದು ಕರಾರು ಹಗುರವಾದ ಕಾಗದವೂ ಅಲ್ಲ. ತಪ್ಪಿದವರನ್ನು ನ್ಯಾಯಾಲಯಕ್ಕೆ ಎಳೆಯಬಹುದು. ಈ ಎರಡು ಕಾಗದಗಳ ನಡುವಿನ ತಿಂಗಳುಗಳೇ ನಿಮಗೆ ಸಿಗುವ ಬಿಡುವು. ನಿಮ್ಮ ಮನೆಗೆ ಗಿರಾಕಿ ಬಂದಾಗ ಮೂರು ತಿಂಗಳ ಬದಲು ಐದು ತಿಂಗಳ ಅವಧಿ ಕೇಳಬಹುದು. ನೋಂದಣಿಯಾದ ಮೇಲೂ ಎರಡು ತಿಂಗಳು ಬಾಡಿಗೆ ಕೊಟ್ಟು ಅಲ್ಲೇ ಇರುತ್ತೇವೆಂದು ಬರೆಸಬಹುದು. ಗಿರಾಕಿ ಇದಕ್ಕಾಗಿ ಬೆಲೆಯಲ್ಲಿ ತುಸು ಕಡಿತ ಕೇಳಿದರೂ ನಷ್ಟವಿಲ್ಲ.

ಇಲ್ಲೊಂದು ಅಪಾಯವುಂಟು. ಗಿರಾಕಿ ಕೊಟ್ಟ ಮುಂಗಡವನ್ನೇ ಒಯ್ದು ಹೊಸ ಮನೆಗೆ ಮುಂಗಡವಾಗಿ ಕೊಟ್ಟಿರಿ ಎನ್ನಿ. ಅವರಿಗೆ ಬ್ಯಾಂಕಿನ ಸಾಲ ಸಿಗದೆ ವ್ಯವಹಾರ ಮುರಿದರೆ ಅವರಿಗೆ ಹಣ ಹಿಂದಿರುಗಿಸಲು ನಿಮ್ಮಲ್ಲಿಲ್ಲ, ಹೊಸ ಮನೆಗೆ ಕಟ್ಟಲೂ ಇಲ್ಲ. ಸರಪಳಿಯ ಒಂದು ಕೊಂಡಿ ಕಳಚಿದರೆ ಎರಡೂ ಮನೆ ಜಗ್ಗುತ್ತವೆ. ಮುಂಗಡವನ್ನು ನಗದಾಗಿ ಪಡೆಯಲೇಬಾರದು. 20 ಸಾವಿರ ಅಥವಾ ಅದಕ್ಕೂ ಹೆಚ್ಚು ಮೊತ್ತವನ್ನು ನಗದಾಗಿ ತೆಗೆದುಕೊಳ್ಳುವುದು 2015ರಿಂದ ನಿಷಿದ್ಧ.

ಆದಾಯ ತೆರಿಗೆ ಕಾನೂನು ಎರಡೂ ದಾರಿಗಳನ್ನು ಒಪ್ಪಿಕೊಂಡಿದೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ತಮ್ಮದಾಗಿದ್ದ ಮನೆ ಮಾರಿ ಬಂದ ಲಾಭವನ್ನು ಮತ್ತೊಂದು ವಾಸದ ಮನೆಗೆ ತೊಡಗಿಸಿದರೆ ಆ ಲಾಭದ ಮೇಲೆ ತೆರಿಗೆ ವಿನಾಯಿತಿಯಿದೆ. ಹೊಸ ಮನೆಯನ್ನು ಮಾರಾಟಕ್ಕೆ ಒಂದು ವರ್ಷ ಮೊದಲೇ ಕೊಂಡಿರಬಹುದು, ಅಥವಾ ಮಾರಿದ ಎರಡು ವರ್ಷದೊಳಗೆ ಕೊಳ್ಳಬಹುದು. ಕಟ್ಟಿಸುವುದಾದರೆ ಮೂರು ವರ್ಷ. ರಿಟರ್ನ್ ಸಲ್ಲಿಸುವ ಕೊನೆಯ ದಿನಕ್ಕೂ ಮನೆ ಸಿಕ್ಕಿರದಿದ್ದರೆ ಆ ಹಣವನ್ನು ಬ್ಯಾಂಕಿನಲ್ಲಿ ಇದಕ್ಕೆಂದೇ ಇರುವ ವಿಶೇಷ ಖಾತೆಯಲ್ಲಿ ಇಡಬೇಕು. ಇದು ತಿಳಿಯದೆ ಎಷ್ಟೋ ಜನ ತೆರಿಗೆಗೆ ಹೆದರಿ ಸಿಕ್ಕ ಮನೆ ಕೊಂಡುಬಿಡುತ್ತಾರೆ.

ದಾರಿ ಯಾವುದೇ ಇರಲಿ, ಕಾಗದಪತ್ರಗಳನ್ನು ಇಂದೇ ಹೊಂದಿಸಿಡಬಹುದು: ಮೂಲಪತ್ರ, ಋಣಭಾರ ಪತ್ರ, ತೆರಿಗೆ ರಸೀದಿ, ಇ-ಖಾತೆ. ಇದರಲ್ಲಿ ನೀವು ಕಂಪ್ಯೂಟರಿನ ಮುಂದೆ ಕುಳಿತು ಅಪ್ಪ ಅಮ್ಮನಿಗೆ ನೆರವಾಗಬಹುದು. ನಿಮ್ಮ ಪಾಲು ಅಷ್ಟಕ್ಕೇ ಮುಗಿಯುವುದಿಲ್ಲ. ಮನೆ ಪಿತ್ರಾರ್ಜಿತವಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಮಗಳಿಗೂ ಮಗನಷ್ಟೇ ಹಕ್ಕಿದೆ. ಹಾಗಾಗಿ 18 ತುಂಬಿದ ಮಕ್ಕಳ ಸಹಿಯನ್ನೂ ಗಿರಾಕಿಯ ವಕೀಲರು ಕೇಳುತ್ತಾರೆ. ಕರಾರನ್ನು ಪೂರ್ತಿ ಓದಿದ ಮೇಲೆಯೇ ಸಹಿ ಹಾಕಿ. ಮನೆ ಬಿಡುವ ದಿನಾಂಕದ ಜಾಗ ಖಾಲಿ ಇದ್ದರೆ ನಿಮ್ಮ ಪರೀಕ್ಷೆಯ ವೇಳಾಪಟ್ಟಿಯನ್ನು ತಂದು ಅದರ ಪಕ್ಕದಲ್ಲಿಡಿ. ಮಾರ್ಚಿಯ ಬದಲು ಏಪ್ರಿಲ್ ಕೊನೆ ಎಂದು ಬರೆಸಲು ಗಿರಾಕಿಗಳು ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ.